ಸಂಜೆಯಾದಲ್ಲಿ ಮನೆ

ಮಹಾಭಾರತದಲ್ಲಿ ಜರತ್ಕಾರು ಮುನಿಯನ್ನು ಯತ್ರಸಾಯಂಗೃಹನೆಂದು ಕರೆದಿದೆ. ಎಲ್ಲಿ ಸಂಜೆಯಾಯಿತೋ ಅಲ್ಲಿಯೇ ಮನೆಯುಳ್ಳವನು ಎಂದು ಅದರ ಅರ್ಥ. ಆ ತಪಸ್ವಿಗೆ ಒಂದು ಮರದ ಬುಡ ಸಾಕಾಗಿದ್ದಿತು. ಅದಕ್ಕೆ ಬಾಡಿಗೆ ಕೇಳುವವರಿರಲಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗಾಲಿಗಳ ಮೇಲಿನ ಮನೆಯಲ್ಲಿಯೇ ಸಂಸಾರ ಹೂಡಿ ಊರೂರು ಸಂಚರಿಸುವವರು ಇಂದು ಅನೇಕರಿದ್ದಾರೆ. ಆ ವಾಹನಕ್ಕೆ ಅವರು ಆರ್. ವಿ. ಎನ್ನುವರು. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೌಚಗೃಹ ಎಲ್ಲವೂ ಅದರೊಳಗುಂಟು. ಮನೆಯೇ ಜೊತೆಯಲ್ಲಿ ಬರುವಾಗ ರಾತ್ರಿಯ ಚಿಂತೆಯೇಕೆಂದು ತೋರಬಹುದು. ಆದರೆ ಮನೆಗೆ ನಿಲ್ಲಲು ನೆಲ ಬೇಕಷ್ಟೆ.

ಅವರಲ್ಲಿ ಕೆಲವರು ನಿವೃತ್ತರಾದ ಮೇಲೆ ದೇಶ ನೋಡುವ ಆಸೆಯಿಂದ ಹೊರಟವರು. ಕೆಲವರು ೨೦೦೮ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡು ಹೊರಟವರು. ಅಂತಹ ಒಬ್ಬ ವಿಧವೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ವಯಸ್ಸು ಅರುವತ್ತೈದು ದಾಟಿದೆ. ಸ್ವಲ್ಪ ಪಿಂಚಣಿ ಬರುತ್ತದೆ. ಹಗಲು ಹೇಗೋ ಕಳೆಯುತ್ತದೆ. ಸೂರ್ಯನು ಪಡುವಣಕ್ಕೆ ವಾಲಿದೊಡನೆ ಅವಳ ಮನಸ್ಸು ಲೆಕ್ಕಕ್ಕೆ ತೊಡಗುತ್ತದೆ. ವಿದ್ಯುತ್ತು, ನೀರು, ಕೊಳಚೆಯ ಕೊಳವೆ ಮೂರನ್ನೂ ಒದಗಿಸುವ ಖಾಸಗಿ ತಂಗುದಾಣಗಳಲ್ಲಿ ಎಷ್ಟೋ ಕಡೆ ಒಂದು ರಾತ್ರಿಗೆ ೫೦ ಡಾಲರು ತೆರಬೇಕು. ಮೂವತ್ತು ರಾತ್ರಿಗೆ ೧,೫೦೦ ಡಾಲರಾಯಿತು. ಯಾವ ಬಾಡಿಗೆಗೆ ಅಂಜಿ ಅವಳು ಊರು ಬಿಟ್ಟಳೋ ಅದೇ ವೇಷ ಮರೆಸಿಕೊಂಡು ಎದುರಿಗೆ ಬಂದು ನಿಂತಂತಾಯಿತು.

ಆದಕಾರಣ ಅವಳು ಬೇರೆ ದಾರಿಗಳನ್ನು ಕಲಿಯುತ್ತಾಳೆ. ವಾಲ್‌ಮಾರ್ಟಿನಂತಹ ದೊಡ್ಡ ಅಂಗಡಿಗಳ ಮುಂದಿನ ಬಯಲಿನಲ್ಲಿ ಒಂದು ರಾತ್ರಿ ನಿಲ್ಲಲು ಕೆಲವು ಕಡೆ ಬಿಡುತ್ತಾರೆ. ಒಪ್ಪುವುದು ಬಿಡುವುದು ಆಯಾ ಅಂಗಡಿಯ ಮ್ಯಾನೇಜರಿಗೆ ಸೇರಿದ್ದು. ಅವನು ಒಪ್ಪಿದರೂ ಊರಿನ ಕಾನೂನು ಒಪ್ಪದೆ ಇರಬಹುದು. ಅನುಭವವುಳ್ಳವರು ಮೊದಲು ಒಳಗೆ ಹೋಗಿ ಕೇಳುತ್ತಾರೆ, ಏನಾದರೂ ಕೊಳ್ಳುತ್ತಾರೆ, ಕುರ್ಚಿಗಳನ್ನು ಹೊರಗೆ ಹರಡುವುದಿಲ್ಲ, ಬೆಳಗಾದೊಡನೆ ಹೊರಡುತ್ತಾರೆ. ಇಷ್ಟಾದರೂ ಅವಳಿಗೆ ನಿದ್ರೆ ಪೂರ್ಣವಾಗಿ ಬರುವುದಿಲ್ಲ. ನಡುರಾತ್ರಿಯಲ್ಲಿ ಯಾರಾದರೂ ಬಾಗಿಲು ತಟ್ಟಿ ಏಳಿಸಿಯಾರೆಂದು ಕಿವಿ ಎಚ್ಚರವಾಗಿಯೇ ಇರುತ್ತದೆ.

ಪಶ್ಚಿಮದ ಸಂಸ್ಥಾನಗಳಲ್ಲಿ ಸರಕಾರದ ನೆಲ ವಿಶಾಲವಾಗಿದೆ. ೧೯೪೬ರಲ್ಲಿ ಏರ್ಪಟ್ಟ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಇಲಾಖೆಯೊಂದರ ವಶದಲ್ಲಿಯೇ ಸುಮಾರು ೨೪.೫ ಕೋಟಿ ಎಕರೆ ಭೂಮಿಯುಂಟು. ಅದರ ಬಹುಭಾಗದಲ್ಲಿ ಸಾಮಾನ್ಯವಾಗಿ ೨೮ ದಿನಗಳೊಳಗೆ ೧೪ ದಿನ ಶುಲ್ಕವಿಲ್ಲದೆ ತಂಗಬಹುದು. ಆ ಬಳಿಕ ಬೇರೆಡೆಗೆ ಸಾಗಬೇಕು. ಆದರೆ ಅಲ್ಲಿ ನಲ್ಲಿಯಿಲ್ಲ, ದೀಪವಿಲ್ಲ, ಚರಂಡಿಯಿಲ್ಲ. ನೀರನ್ನು ಹೊತ್ತೊಯ್ಯಬೇಕು, ಕಸವನ್ನೂ ಕೊಳಚೆಯನ್ನೂ ಹೊತ್ತು ತಂದು ಅದಕ್ಕೆಂದು ಮಾಡಿದ ಕಡೆಯಲ್ಲಿಯೇ ಬರಿದುಮಾಡಬೇಕು. ಊರು ದೂರವಾದಷ್ಟೂ ಪೆಟ್ರೋಲಿನ ಖರ್ಚು ಹೆಚ್ಚು, ವೈದ್ಯರೂ ದೂರ. ಬಿಟ್ಟಿ ನೆಲಕ್ಕೂ ಹೀಗೆ ಒಂದು ಬೆಲೆಯುಂಟು.

ಇವೆರಡರ ನಡುವಣ ಮಾರ್ಗವೂ ಇದೆ. ಅರಿಜೋನದ ಮರುಭೂಮಿಯಲ್ಲಿ ಕ್ವಾರ್ಟ್ಸೈಟ್ ಎಂಬ ಊರಿನ ಬಳಿ ಲಾ ಪೋಸಾ ಎಂಬ ಬಯಲನ್ನು ಚಳಿಗಾಲದ ಸಂಚಾರಿಗಳಿಗೆಂದು ಅದೇ ಇಲಾಖೆ ಬಿಟ್ಟಿದೆ. ಸೆಪ್ಟೆಂಬರ್ ೧೫ರಿಂದ ಏಪ್ರಿಲ್ ೧೫ರ ವರೆಗಿನ ಏಳು ತಿಂಗಳಿಗೆ ಅಲ್ಲಿ ಬಹುವರ್ಷ ೧೮೦ ಡಾಲರ್ ಶುಲ್ಕ ನಡೆದುಬಂದಿತು; ರಾತ್ರಿಗೆ ಒಂದು ಡಾಲರೂ ಬೀಳಲಿಲ್ಲ. ನೀರು ತುಂಬಿಕೊಳ್ಳುವುದಕ್ಕೂ ಏರ್ಪಾಡುಂಟು. ಇದಲ್ಲದೆ ೬೨ ವರ್ಷ ತುಂಬಿದ ಆ ದೇಶದ ಪ್ರಜೆಗಳಿಗೆ ಆಜೀವ ರಹದಾರಿಯೊಂದು ದೊರೆಯುವುದು. ಅದರ ಬೆಲೆ ೨೦೧೭ರಲ್ಲಿ ೧೦ ಡಾಲರಿನಿಂದ ೮೦ಕ್ಕೆ ಏರಿತು. ಕೇಂದ್ರ ಸರಕಾರದ ಅನೇಕ ತಂಗುದಾಣಗಳಲ್ಲಿ ಅದನ್ನು ತೋರಿಸಿದರೆ ಅರ್ಧ ಶುಲ್ಕ ಸಾಕು. ತಂಗುದಾಣದ ಮೇಲ್ವಿಚಾರಣೆಯನ್ನು ವಹಿಸಿಕೊಂಡು ಅದರ ಬದಲಾಗಿ ಸ್ಥಳವನ್ನು ಪಡೆಯುವ ವೃದ್ಧರೂ ಉಂಟು.

ಎಲ್ಲರಿಗೂ ಈ ಅನುಕೂಲ ದೊರೆಯದು. ಮಕ್ಕಳ ಶಾಲೆಯೋ ದಿನಗೂಲಿಯೋ ಆಸ್ಪತ್ರೆಯೋ ಊರಿನಲ್ಲಿದ್ದವರಿಗೆ ಮರುಭೂಮಿಯ ನೆಲದಿಂದ ಪ್ರಯೋಜನವೇನು? ಬೇರೆ ಆಶ್ರಯವಿಲ್ಲದವರಾದರೂ ಸಾರ್ವಜನಿಕ ಸ್ಥಳದಲ್ಲಿ ಬಿಡಾರ ಹೂಡಿದರೆ ಅವರನ್ನು ನಗರಗಳು ದಂಡಿಸುವುದು ಸಂವಿಧಾನವು ನಿಷೇಧಿಸಿದ ಕ್ರೂರದಂಡನೆಯಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ೨೦೨೪ರಲ್ಲಿ ಆರೆಗೆ ಮೂರು ಮತಗಳಿಂದ ತೀರ್ಪು ಕೊಟ್ಟಿತು. ನಿದ್ರೆ ಒಂದೇ; ಮರುಭೂಮಿಯಲ್ಲಿ ಮಲಗಿದವನು ಪ್ರವಾಸಿ, ಪೇಟೆಯ ಬೀದಿಯಲ್ಲಿ ಮಲಗಿದವನು ಅಪರಾಧಿ.

ಲಾ ಪೋಸಾದಲ್ಲಿ ಆ ವಿಧವೆಯು ವಾಹನದ ಮುಂಗಾಜಿಗೆ ಪರವಾನಗಿಯ ಚೀಟಿಯನ್ನು ಅಂಟಿಸಿ ದೀಪ ಆರಿಸುತ್ತಾಳೆ. ನೆಲ ಕಲ್ಲು, ಗಾಳಿ ಚಳಿ, ನೆರೆಯವರ ಬೆಳಕು ದೂರದಲ್ಲಿದೆ. ಹಾಸಿಗೆ ಅಂಗಡಿಯ ಬಯಲಿನಲ್ಲಿದ್ದ ಅದೇ ಹಾಸಿಗೆ. ಆದರೆ ಇಂದು ಬಾಗಿಲು ತಟ್ಟಿ ಎಬ್ಬಿಸುವ ಅಧಿಕಾರ ಯಾರಿಗೂ ಇಲ್ಲವೆಂದು ಅವಳಿಗೆ ಗೊತ್ತು. ಬೆಳಗಿನ ವರೆಗೆ ಅವಳಿಗೆ ಎಚ್ಚರವಾಗುವುದಿಲ್ಲ.