ಅವ್ವ ಮತ್ತು ದಿಲ್‌ಪಸಂದು

ಸಿಂದಗಿ ಸೀಮೆಯ ನಮ್ಮ ಮೋರಟಗಿಯಲ್ಲಿ ಜೋಳದ ರೊಟ್ಟಿಯೇ ಊಟ. ಬ್ರೆಡ್ಡೆಂಬುದು ಜ್ವರ ಬಂದವರ ಪಥ್ಯ. ಹಲ್ಲುಗಳೆಲ್ಲ ಉದುರಿದ ಮೇಲೂ ನಮ್ಮ ಅವ್ವ ಅದನ್ನು ಮುಟ್ಟಿದವಳಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಯಿಸಿ, ಅರ್ಧ ಉಂಡು ಏಳುವಳು. ಅವಳು ದಿನದಿನಕ್ಕೆ ಸೊರಗುವುದನ್ನು ಕಂಡು, ಕಳೆದ ಸಲ ಬೆಂಗಳೂರಿನಿಂದ ಬರುವಾಗ ಅಯ್ಯಂಗಾರ್ ಬೇಕರಿಯೊಂದರಲ್ಲಿ ಖಾರದ ಬನ್ನನ್ನೂ ದಿಲ್‌ಪಸಂದನ್ನೂ ಕಟ್ಟಿಸಿಕೊಂಡು ಬಂದೆನು.

“ತಮ್ಮಾ, ಇದರಾಗ ತತ್ತಿ ಹಾಕ್ಯಾರೇನು?” ಎಂಬುದು ಅವಳ ಮೊದಲ ಪ್ರಶ್ನೆ. ನಾನು ಅದರ ಕುಲವೃತ್ತಾಂತವನ್ನೇ ಹೇಳಿದೆನು: 1898ರಲ್ಲಿ ಎಚ್. ಎಸ್. ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ. ಬಿ. ಬೇಕರಿಯನ್ನು ತೆರೆದರು, ತರುವಾಯ ಹಾಸನದ ಕಡೆಯ ಅಯ್ಯಂಗಾರರು ಈ ಕಸುಬನ್ನು ಊರೂರಿಗೆ ಒಯ್ದರು, ಹೆಸರು ಒಂದೇ ಆದರೂ ಒಡೆಯರು ಬೇರೆ ಬೇರೆ, ತತ್ತಿಯಿಲ್ಲದೆ ಬೇಯಿಸುವುದು ಅವರ ಸಂಪ್ರದಾಯ.

ಬನ್ನಿನೊಳಗಿನ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಅವಳಿಗೆ ಮೆಚ್ಚಾದವು. ದಿಲ್‌ಪಸಂದಿನ ಪದರನ್ನು ಬಿಡಿಸಿ, ಕೊಬ್ಬರಿ-ಸಕ್ಕರೆಯ ಹೂರಣವನ್ನು ಕಂಡು, “ನಮ್ಮ ಹೋಳಿಗೀನ ದೂರದೂರಿಗೆ ಕೊಟ್ಟಂಗ ಐತಿ” ಎಂದು ನಕ್ಕಳು. ಬಹುದಿನಗಳ ಮೇಲೆ ಹೊಟ್ಟೆ ತುಂಬ ತಿಂದಳು.

ಕೊನೆಗೆ ಒಂದು ತುಣುಕನ್ನು ನನ್ನ ಕೈಗಿಟ್ಟು, “ರೊಟ್ಟಿ ಬಡಿಯೋ ಕೈ ಸೋತಾವು, ನೀ ಬಂದಾಗ ಏನ ಮಾಡಿ ಹಾಕಲೆಪ್ಪಾ ಅಂತ ಚಿಂತಿ ಇತ್ತು” ಎಂದಳು. ಅವಳು ಸೊರಗುವುದಕ್ಕೆ ಹಲ್ಲಷ್ಟೇ ಕಾರಣವಲ್ಲವೆಂದು ಅಂದು ತಿಳಿಯಿತು. ಈಗ ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ. ಪೊಟ್ಟಣವು ನೆಪ ಮಾತ್ರ.