ಕೀಜರ್ ಕ್ರೀಡಾಂಗಣ

ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಉದ್ಯಾನದ ಆಗ್ನೇಯ ಮೂಲೆಯಲ್ಲಿ ಕೀಜರ್ ಕ್ರೀಡಾಂಗಣವಿದೆ. ಸಾಗರದಿಂದೆದ್ದ ಮಂಜು ಹಗಲಿನಲ್ಲೇ ಅಲ್ಲಿಗೆ ಬಂದಿಳಿಯುವುದುಂಟು. 1925ರ ಹಳೆಯ ಕಟ್ಟಡ 1989ರಲ್ಲಿ ನೆಲಸಮವಾಯಿತು; ಈಗಿರುವುದು ಅದೇ ಸ್ಥಳದಲ್ಲೆದ್ದ ಕಿರಿಯ ಅಂಗಣ.

ಸಮೀಪದ ಗುಡ್ಡದ ಮೇಲಿನ ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ಹುಡುಗರು ಇಲ್ಲಿಯೇ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದರು. ಹೆಸರಿಗೆ ಅದು ಕಾಲ್ಚೆಂಡಿನಾಟ. ಚೆಂಡು ಬಹುಪಾಲು ಇರುವುದು ಆಟಗಾರನ ಕಂಕುಳಿನಲ್ಲಿ! ತರಬೇತುದಾರ ಜೋ ಕುಹಾರಿಚ್. 1951ರ ಋತುವಿನಲ್ಲಿ ಆಡಿದ ಒಂಬತ್ತು ಪಂದ್ಯಗಳಲ್ಲಿ ಒಂಬತ್ತೂ ಗೆಲುವು. ಇನ್ನು ವರ್ಷಾಂತ್ಯದ ‘ಬೌಲ್’ ಪಂದ್ಯಕ್ಕೆ ಕರೆ ಬರುವುದೊಂದೇ ಬಾಕಿ. ಅದರ ಹಣವೂ ತಂಡಕ್ಕೆ ಅತ್ಯಗತ್ಯವಾಗಿದ್ದಿತು.

ದಕ್ಷಿಣದಿಂದ ಸೂಚನೆಯೇನೋ ಬಂದಿತು: ಓಲೀ ಮ್ಯಾಟ್ಸನ್, ಬರ್ಲ್ ಟೋಲರ್ ಎಂಬ ಕಪ್ಪು ಜನಾಂಗದ ಆಟಗಾರರಿಬ್ಬರನ್ನು ಊರಿನಲ್ಲೇ ಬಿಟ್ಟು ಬರುವುದಾದರೆ ಬರಬಹುದು. ಜೊತೆಯಾಟಗಾರರು ಒಲ್ಲೆವೆಂದರು. ತಂಡ ಎಲ್ಲಿಗೂ ಹೋಗಲಿಲ್ಲ. ಆ ಋತುವಿನ ಬೆನ್ನಲ್ಲೇ, ಹಣದ ಮುಗ್ಗಟ್ಟಿನಿಂದ, ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ಕೈಬಿಟ್ಟಿತು.

ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಓಡಿ ಎರಡು ಪದಕಗಳನ್ನು ಗೆದ್ದರು. ಮೊಣಕಾಲಿಗೆ ಪೆಟ್ಟಾಗಿ ಆಟ ಬಿಡಬೇಕಾಗಿ ಬಂದ ಟೋಲರ್, 1965ರಲ್ಲಿ ವೃತ್ತಿಪರ ಲೀಗಿನ ಮೊದಲ ಕಪ್ಪು ತೀರ್ಪುಗಾರರಾಗಿ ಮೈದಾನಕ್ಕೆ ಮರಳಿದರು. ಒಲ್ಲೆವೆಂದವರಲ್ಲೊಬ್ಬರಾದ ಬಾಬ್ ಸೇಂಟ್ ಕ್ಲೇರ್ ಅವರ ಹೆಸರನ್ನು 2001ರಲ್ಲಿ ಕೀಜರಿನ ಹುಲ್ಲುಹಾಸಿಗೆ ಇಡಲಾಯಿತು.