ಮೈಯೆಲ್ಲ ಕಣ್ಣಾದ ನಾಯಕ

ಮ್ಯಾಡ್ರಿಡ್ ನಗರದ ವಯೇಕಾಸ್ ಬಡಾವಣೆ. 2012ರ ಏಪ್ರಿಲ್ 29, ಭಾನುವಾರ. ದುಡಿದು ತಿನ್ನುವವರ ಈ ಬಡಾವಣೆಯ ಫುಟ್‌ಬಾಲ್ ಸ್ಟೇಡಿಯಂಗೆ ಗ್ಯಾಲರಿ ಇರುವುದು ಮೂರೇ ಕಡೆ. ನಾಲ್ಕನೆಯ ಕಡೆ, ಗೋಲುಕಂಬಗಳ ಹಿಂದೆ, ಬರೀ ಗೋಡೆ. ಗೋಡೆಯಾಚೆಗಿನ ಕಟ್ಟಡಗಳಲ್ಲಿ ಇರುವವರು ತಮ್ಮ ಬಾಲ್ಕನಿಯಲ್ಲೇ ನಿಂತು ಪಂದ್ಯ ನೋಡುತ್ತಾರೆ. ನೀವು ಕೆಳಗೆ, ಮೈದಾನದ ಅಂಚಿಗೆ ಅಂಟಿದ ಸಾಲಿನಲ್ಲಿ ಕೂತಿದ್ದೀರಿ. ಸುತ್ತ ಇರುವವರೆಲ್ಲ ರಾಯೊ ವಯೇಕಾನೊ ತಂಡದ ಕಡೆಯವರು. ಬಿಳಿ ಅಂಗಿಯ ಎದೆಯ ಮೇಲೆ ಓರೆಯಾಗಿ ಎಳೆದ ಕೆಂಪು ಪಟ್ಟಿ. ಅವರ ತಂಡ ಎರಡನೇ ದರ್ಜೆಗೆ ಜಾರುವ ಭಯದಲ್ಲಿದೆ. ಎದುರಿಗಿರುವುದು ಬಾರ್ಸಿಲೋನಾ.

77ನೇ ನಿಮಿಷಕ್ಕೆ ಬಾರ್ಸಿಲೋನಾದ ಥಿಯಾಗೊ ಗೋಲು ಹೊಡೆಯುತ್ತಾನೆ. 5–0. ಅವನೂ ಜೊತೆ ಆಟಗಾರ ಡ್ಯಾನಿ ಆಲ್ವೆಸ್ಸೂ ಎದುರುಬದುರು ನಿಂತು ಕುಣಿಯತೊಡಗುತ್ತಾರೆ. ವಯಸ್ಸಿನ ಹುರುಪು, ಅದರಲ್ಲಿ ಕೇಡೇನೂ ಇಲ್ಲ. ಆದರೆ ನಿಮ್ಮ ಸುತ್ತಲಿನ ಮುಖಗಳನ್ನು ನೋಡಿದರೆ ಇದು ಗಾಯದ ಮೇಲೆ ಎಳೆದ ಬರೆ ಎಂದು ಗೊತ್ತಾಗುತ್ತದೆ. ಅಷ್ಟರಲ್ಲಿ ಗುಂಗುರು ಕೂದಲಿನ ದೊಡ್ಡ ತಲೆಯೊಂದು ಇಬ್ಬರ ನಡುವೆ ನುಗ್ಗುತ್ತದೆ. ಒಬ್ಬನನ್ನು ಆಚೆ, ಇನ್ನೊಬ್ಬನನ್ನು ಈಚೆ ತಳ್ಳಿ, ಸಾಕು, ಜಾಗಕ್ಕೆ ಹೋಗಿ ಎನ್ನುವಂತೆ ಕೈ ಮಾಡುತ್ತದೆ. ಕುಣಿತ ನಿಂತುಹೋಗುತ್ತದೆ.

ಪಂದ್ಯ ಮುಗಿದಾಗ 7–0. ಆ ಏಳು ಗೋಲುಗಳಲ್ಲಿ ಯಾವುದನ್ನು ಯಾರು ಹೇಗೆ ಹೊಡೆದರೆಂದು ಇವತ್ತು ಕೇಳಿದರೆ ಬಾರ್ಸಿಲೋನಾದ ಕಟ್ಟಾ ಅಭಿಮಾನಿಯೂ ತಡವರಿಸಬಹುದು. ಆ ತಳ್ಳಾಟವನ್ನು ಮಾತ್ರ ಯಾರೂ ಮರೆತಿಲ್ಲ.

ಆ ಗುಂಗುರು ಕೂದಲಿನವನು ಬಾರ್ಸಿಲೋನಾದ ನಾಯಕ ಕಾರ್ಲೆಸ್ ಪುಯೋಲ್. ಅವನು ಆಡಿದ ಇನ್ನೂ ಕೆಲವು ಪಂದ್ಯಗಳಿಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಒಂದೇ ಷರತ್ತು: ಚೆಂಡನ್ನು ನೋಡಬೇಡಿ, ಅವನನ್ನು ನೋಡಿ. ಚೆಂಡಿನ ಹಿಂದೆ ಕಣ್ಣು ಓಡಿಸಿದರೆ ರೊನಾಲ್ಡಿನೊ, ಮೆಸ್ಸಿ, ಇನಿಯೆಸ್ಟಾ ಕಾಣುತ್ತಾರೆ; ಪುಯೋಲ್ ಏನು ಮಾಡಿದ ಎನ್ನುವುದು ತಪ್ಪಿಹೋಗುತ್ತದೆ.

ಅವನು ಬಂದದ್ದು ಪಿರನೀಸ್ ಬೆಟ್ಟಗಳ ಬುಡದ ಲಾ ಪೋಬ್ಲಾ ದೆ ಸೆಗೂರ್ ಎಂಬ ಪುಟ್ಟ ಊರಿನಿಂದ. ಹುಟ್ಟಿದ್ದು 1978ರಲ್ಲಿ, ಬೇಸಾಯದ ಮನೆತನದಲ್ಲಿ. ಹುಡುಗನಾಗಿದ್ದಾಗ ಗೋಲ್‌ಕೀಪರ್ ಆಗಿದ್ದ. ಭುಜಕ್ಕೆ ತೊಂದರೆಯಾದ ಮೇಲೆ ಕೈಗವಸು ಬಿಚ್ಚಿಟ್ಟು ಮುಂದಿನ ಸಾಲಿಗೆ ಹೋದ. ಬಾರ್ಸಿಲೋನಾದ ಲಾ ಮಾಸಿಯಾಗೆ, ಅಂದರೆ 1702ರಲ್ಲಿ ಕಟ್ಟಿದ ಕಲ್ಲಿನ ತೋಟದ ಮನೆಯಲ್ಲಿ ನಡೆಯುತ್ತಿದ್ದ ಎಳೆಯರ ತರಬೇತಿ ಶಾಲೆಗೆ, ಅವನು ಸೇರಿದ್ದು 1995ರಲ್ಲಿ, ಹದಿನೇಳರ ವಯಸ್ಸಿಗೆ. ಉಳಿದ ಹುಡುಗರು ಹನ್ನೊಂದು ಹನ್ನೆರಡಕ್ಕೇ ಅಲ್ಲಿ ಪಾಸಿನ ಪಾಠ ಒಪ್ಪಿಸುತ್ತಿದ್ದರು. ಇವನು ತಡವಾಗಿ ಬಂದವನು. ಕಾಲಿನಲ್ಲಿ ಅವರ ನಯ ಇರಲಿಲ್ಲ. ಒಂದು ಹಂತದಲ್ಲಿ ಕ್ಲಬ್ ಅವನನ್ನು ಮಲಗಾ ತಂಡಕ್ಕೆ ಮಾರಲು ಒಪ್ಪಿಯೂ ಆಗಿತ್ತು. ಅಷ್ಟರಲ್ಲಿ ಗೆಳೆಯ ಕ್ಸಾವಿ ಹಿರಿಯರ ತಂಡದಲ್ಲಿ ಆಡಿದ್ದನ್ನು ಕಂಡ ಪುಯೋಲ್, ನಾನು ಹೋಗುವುದಿಲ್ಲ ಎಂದುಬಿಟ್ಟ. 1999ರ ಅಕ್ಟೋಬರ್ 2ರಂದು ವಯ್ಯಾದೊಲಿದ್ ವಿರುದ್ಧ ಅವನನ್ನು ಮೊದಲ ಬಾರಿ ಲೀಗ್ ಪಂದ್ಯಕ್ಕೆ ಇಳಿಸಿದ ಕೋಚ್ ವಾನ್ ಗಾಲ್, ಕ್ಷೌರಕ್ಕೆ ಕಾಸಿಲ್ಲವೇ ಎಂದು ಆ ಕೂದಲನ್ನು ಕೆಣಕಿದ್ದನಂತೆ. ಕೂದಲು ಹಾಗೇ ಉಳಿಯಿತು.

ಈಗ ಬಾರ್ಸಿಲೋನಾದ ತವರು ಮೈದಾನ ಕ್ಯಾಂಪ್ ನೌ. 2000ದ ಅಕ್ಟೋಬರ್ 21ರ ರಾತ್ರಿ. ಮೆಟ್ಟಿಲು ಹತ್ತಿ ಗ್ಯಾಲರಿಯ ಬಾಯಿಗೆ ಬರುವ ಮೊದಲೇ ಸದ್ದು ಮೈಗೆ ಬಡಿಯುತ್ತದೆ. ಲಕ್ಷದ ಸಮೀಪ ಜನ, ಅಷ್ಟೂ ಜನರ ಸಿಟ್ಟು ಒಬ್ಬನ ಮೇಲೆ. ಬೇಸಿಗೆಯ ತನಕ ಇದೇ ಮೈದಾನದ ಕಣ್ಮಣಿಯಾಗಿದ್ದ ಲೂಯಿಸ್ ಫಿಗೊ ಅಂದಿನ ವಿಶ್ವದಾಖಲೆಯ ಮೊತ್ತಕ್ಕೆ ರಿಯಲ್ ಮ್ಯಾಡ್ರಿಡ್ ಸೇರಿದ್ದಾನೆ. ಇವತ್ತು ಬಿಳಿ ಅಂಗಿ ತೊಟ್ಟು ವಾಪಸ್ ಬಂದಿದ್ದಾನೆ. ನಿಮ್ಮ ಹಿಂದಿನವರು ದ್ರೋಹಿ ಎಂದು ಬರೆದ ಬಟ್ಟೆ ಹಿಡಿದಿದ್ದಾರೆ, ಪಕ್ಕದವರು ನಕಲಿ ನೋಟು ಬೀಸುತ್ತಿದ್ದಾರೆ. ಫಿಗೊ ಕಾಲಿಗೆ ಚೆಂಡು ಬಂದ ಕೂಡಲೇ ಏಳುವ ಸಿಳ್ಳೆಗೆ ಪಕ್ಕದವನ ಮಾತೂ ಕೇಳಿಸುವುದಿಲ್ಲ.

ಇಂಥ ರಾತ್ರಿ ಫಿಗೊನನ್ನು ಕಾಯುವ ಕೆಲಸ ಬಿದ್ದಿರುವುದು ಈಗ ರಕ್ಷಣೆಯ ಸಾಲಿನಲ್ಲಿ ಆಡುವ ಇಪ್ಪತ್ತೆರಡರ ಪುಯೋಲ್ ಮೇಲೆ. ಇಲ್ಲಿ ಕಣ್ಣು ನೆಟ್ಟು ನೋಡಿ. ಫಿಗೊ ಬಲಕ್ಕೆ ಹೋದರೆ ಇವನೂ ಬಲಕ್ಕೆ, ಒಳಗೆ ತಿರುಗಿದರೆ ಇವನೂ ಒಳಗೆ. ಬೆನ್ನು ಬಿಡದ ಬೇತಾಳ. ಆದರೆ ಅವನ ಕಾಲಿಗೆ ಕಾಲು ಹಾಕಲು ಆತುರಪಡುವುದಿಲ್ಲ. ಫಿಗೊನ ದೊಡ್ಡ ಅಸ್ತ್ರವೇ ಎದುರಾಳಿಯನ್ನು ಆಸೆ ತೋರಿಸಿ ಕರೆಯುವುದು: ಚೆಂಡನ್ನು ಒಂದು ಅಡಿ ಮುಂದೆ ಬಿಟ್ಟು, ಅದಕ್ಕೆ ಕಾಲು ಚಾಚಿದವನ ಪಕ್ಕದಿಂದ ಜಾರಿಹೋಗುವುದು. ಪುಯೋಲ್ ಆ ಆಸೆಗೆ ಬೀಳುವುದಿಲ್ಲ. ಮೊಣಕಾಲು ಬಗ್ಗಿಸಿ, ಮೈಯನ್ನು ಸ್ವಲ್ಪ ಓರೆ ಮಾಡಿ, ಒಂದು ತೋಳಿನ ದೂರದಲ್ಲಿ ನಿಲ್ಲುತ್ತಾನೆ. ಪಾಸು ಬರುವ ಮೊದಲೇ ಫಿಗೊನ ಸೊಂಟಕ್ಕೆ ಸೊಂಟ ತಾಗುವಷ್ಟು ಹತ್ತಿರ ಬಂದಿರುತ್ತಾನೆ. ಹಾಗಾಗಿ ಫಿಗೊಗೆ ಗೋಲಿನತ್ತ ತಿರುಗಲು ಜಾಗವೇ ಸಿಗುವುದಿಲ್ಲ, ಚೆಂಡನ್ನು ಹಿಂದಕ್ಕೆ ಕೊಡಬೇಕಾಗುತ್ತದೆ. ಹತ್ತು ನಿಮಿಷ ಕಳೆದ ಮೇಲೂ ಅದೇ. ಅರ್ಧ ಗಂಟೆಯ ಮೇಲೂ ಅದೇ.

ಲೂಯಿಸ್ ಎನ್ರಿಕೆ ಮತ್ತು ಸಿಮಾವೊ ಗೋಲು ಹೊಡೆಯುತ್ತಾರೆ, ಬಾರ್ಸಿಲೋನಾ 2–0ಯಿಂದ ಗೆಲ್ಲುತ್ತದೆ. ಜನರ ಕೂಗಿಗೆ ಫಿಗೊ ಮಂಕಾದ ಎಂದು ಹಲವರು ಬರೆದರು. ಕೂಗು ಇತ್ತು, ನಿಜ. ಕೂಗಿಗೆ ಕಾಲುಗಳಿರಲಿಲ್ಲ; ಕಾಲುಗಳು ಪುಯೋಲನವು. ಮರುದಿನದಿಂದ ಊರಿಗೆ ಊರೇ ಅವನ ಹೆಸರು ಹೇಳತೊಡಗಿತು.

ಆ ವರ್ಷಗಳಲ್ಲಿ ಬಾರ್ಸಿಲೋನಾ ಒಳ್ಳೆಯ ತಂಡವಾಗಿರಲಿಲ್ಲ ಎನ್ನುವುದನ್ನು ಇಂದಿನ ಅಭಿಮಾನಿಗಳಿಗೆ ನೆನಪಿಸಬೇಕು. 1999ರ ನಂತರ ಐದು ಋತು ಲೀಗ್ ಕೈಗೆ ಬರಲಿಲ್ಲ. 2002ರ ಅಕ್ಟೋಬರ್‌ನಲ್ಲಿ ಲೊಕೊಮೊಟಿವ್ ಮಾಸ್ಕೋ ಕ್ಯಾಂಪ್ ನೌಗೆ ಬಂದಾಗ ಎದುರಾಳಿಯೊಬ್ಬ ಗೋಲ್‌ಕೀಪರ್‌ನನ್ನು ದಾಟಿಯಾಗಿತ್ತು, ಗೋಲು ಖಾಲಿ ಬಿದ್ದಿತ್ತು. ಗೆರೆಯ ಮುಂದೆ ಪುಯೋಲ್ ಒಬ್ಬನೇ. ಒದ್ದ ಚೆಂಡಿಗೆ ಎದೆ ಕೊಟ್ಟ. ಚೆಂಡು ಬಡಿದದ್ದು ಅಂಗಿಯ ಮೇಲಿನ ಕ್ಲಬ್ ಲಾಂಛನಕ್ಕೆ. ಸೋತು ಸುಣ್ಣವಾಗಿದ್ದ ದಿನಗಳಲ್ಲಿ ಆ ಜನಕ್ಕೆ ಹಿಡಿದುಕೊಳ್ಳಲು ಸಿಕ್ಕ ಚಿತ್ರ ಅದು.

2004ರಲ್ಲಿ ಲೂಯಿಸ್ ಎನ್ರಿಕೆ ಆಟ ಬಿಟ್ಟಾಗ ನಾಯಕನ ತೋಳಪಟ್ಟಿ ಇವನಿಗೆ ಬಂತು. ಮರುವರ್ಷ ಲೀಗ್ ಬಂತು. ಅದರ ಮರುವರ್ಷ, 2006ರ ಮೇ 17ರಂದು, ಪ್ಯಾರಿಸ್‌ನಲ್ಲಿ ಆರ್ಸೆನಲ್ ತಂಡವನ್ನು 2–1ರಿಂದ ಸೋಲಿಸಿ ಯುರೋಪಿನ ಕಪ್ಪೂ ಬಂತು. ಆಮೇಲೆ ತಂಡ ಮತ್ತೆ ಸಡಿಲವಾಯಿತು. 2008ರ ಮೇ ತಿಂಗಳಲ್ಲಿ ರಿಯಲ್ ಮ್ಯಾಡ್ರಿಡ್‌ನ ಬರ್ನಬೇವು ಮೈದಾನದಲ್ಲಿ ಬಾರ್ಸಿಲೋನಾದವರು ಸಾಲಾಗಿ ನಿಂತು, ಆಗಲೇ ಚಾಂಪಿಯನ್ ಆಗಿದ್ದ ಮ್ಯಾಡ್ರಿಡ್‌ಗೆ ಚಪ್ಪಾಳೆ ತಟ್ಟಿ, 4–1ರಿಂದ ಸೋತು ಮನೆಗೆ ಬಂದರು.

ವರ್ಷ ತುಂಬುವುದಕ್ಕೆ ಇನ್ನೂ ಕೆಲವು ದಿನ ಇರುವಾಗ, 2009ರ ಮೇ 2ರಂದು, ಅದೇ ಬರ್ನಬೇವುಗೆ ಬನ್ನಿ. ಈಗ ಕೋಚ್ ಗಾರ್ಡಿಯೋಲಾ. 14ನೇ ನಿಮಿಷಕ್ಕೆ ಇಗುವಾಯಿನ್ ಮ್ಯಾಡ್ರಿಡ್‌ಗೆ ಮುನ್ನಡೆ ಕೊಡುತ್ತಾನೆ. ನಾಲ್ಕು ನಿಮಿಷದಲ್ಲಿ ಹೆನ್ರಿ ಸಮ ಮಾಡುತ್ತಾನೆ. ಇನ್ನೆರಡು ನಿಮಿಷಕ್ಕೆ ಬಾರ್ಸಿಲೋನಾಗೆ ಫ್ರೀ ಕಿಕ್. ಕ್ಸಾವಿ ಚೆಂಡಿನ ಮುಂದೆ ನಿಂತಿದ್ದಾನೆ. ನೀವು ಅವನನ್ನು ನೋಡಬೇಡಿ. ಪೆನಾಲ್ಟಿ ಬಾಕ್ಸ್‌ನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಜಗ್ಗಾಡುತ್ತಿದ್ದಾರೆ. ಪುಯೋಲನ ಎತ್ತರ 178 ಸೆಂಟಿಮೀಟರ್. ಆ ಗುಂಪಿನಲ್ಲಿ ನಿಂತಲ್ಲೇ ನೆಗೆದರೆ ಅವನಿಗೆ ಚೆಂಡು ಸಿಗದು. ಅದಕ್ಕೇ ಅವನು ಹಿಂದಿನಿಂದ ಓಡಿಕೊಂಡು ಬರುತ್ತಾನೆ. ಚೆಂಡು ಗಾಳಿಯಲ್ಲಿದ್ದಾಗ ಅವನ ಓಟ ಶುರುವಾಗಿರುತ್ತದೆ, ಉಳಿದವರು ನೆಗೆಯಬೇಕೆನ್ನುವಷ್ಟರಲ್ಲಿ ಇವನು ಮೇಲಿರುತ್ತಾನೆ. ಹಣೆಗೆ ತಗುಲಿದ ಚೆಂಡು ಕ್ಯಾಸಿಯಸ್‌ನನ್ನು ದಾಟುತ್ತದೆ. ಹಳದಿಯ ಮೇಲೆ ನಾಲ್ಕು ಕೆಂಪು ಗೆರೆಗಳ ಕೆಟಲಾನ್ ತೋಳಪಟ್ಟಿಯನ್ನು ಕಿತ್ತು, ಅದಕ್ಕೆ ಮುತ್ತಿಟ್ಟು, ಮ್ಯಾಡ್ರಿಡ್ ಜನರ ಮುಂದೆ ಓಡುತ್ತಾನೆ. ಪಂದ್ಯ 6–2ಕ್ಕೆ ಮುಗಿಯುತ್ತದೆ. ಆ ಓಟದಲ್ಲಿ ಸಿಟ್ಟೂ ಇತ್ತು, ಹೆಮ್ಮೆಯೂ ಇತ್ತು; ಎರಡನ್ನೂ ಅವನು ಗಳಿಸಿಕೊಂಡಿದ್ದ ಎಂದೇ ನನ್ನ ಅಭಿಪ್ರಾಯ.

ಗೋಲಿಗಿಂತ ನನಗೆ ಮುಖ್ಯವಾದದ್ದು ಉಳಿದ ಎಂಬತ್ತೊಂಬತ್ತು ನಿಮಿಷ. ಗಾರ್ಡಿಯೋಲಾನ ತಂಡದಲ್ಲಿ ಎರಡೂ ಬದಿಯ ಬ್ಯಾಕ್‌ಗಳು ಮುಂದೆ ಹೋಗಿಬಿಡುತ್ತಿದ್ದರು. ಚೆಂಡು ಕಳೆದುಕೊಂಡ ಕ್ಷಣದಲ್ಲಿ ಹಿಂದೆ ಉಳಿಯುತ್ತಿದ್ದವರು ಪುಯೋಲ್ ಮತ್ತು ಪಿಕೆ, ಅವರ ಬೆನ್ನಿಗೆ ಅರ್ಧ ಮೈದಾನದ ಬಯಲು. ಪಿಕೆ ಎತ್ತರದವನು, ಚೆಂಡು ಹಂಚುವುದರಲ್ಲಿ ಎತ್ತಿದ ಕೈ. ಆದರೆ ಗೆಲುವು ಖಚಿತವಾದಾಗ ಮನಸ್ಸು ಅತ್ತಿತ್ತ ಹೋಗುವ ಸ್ವಭಾವ. ಮೂರು ಗೋಲು ಮುಂದಿದ್ದು, ಪಂದ್ಯ ಮುಗಿಯಲು ಕೆಲವೇ ಕ್ಷಣ ಉಳಿದಿದ್ದರೂ ಪುಯೋಲ್ ಗಂಟಲು ಹರಿಯುವಂತೆ ಕೂಗಿ ಎಚ್ಚರಿಸುತ್ತಿದ್ದ ಎಂದು ಪಿಕೆಯೇ ನೆನೆದಿದ್ದಾನೆ. ಕಳ್ಳ ಬಂದ ಮೇಲೆ ಕೂಗುವವನಲ್ಲ, ಬಾರದಂತೆ ಕೂಗುತ್ತಿರುವ ಊರ ತಳವಾರನ ಹಾಗೆ. ತಡೆದ ಗೋಲನ್ನು ಲೆಕ್ಕಕ್ಕೆ ಹಿಡಿಯಬಹುದು. ಆ ಕೂಗಿನಿಂದಾಗಿ ಹುಟ್ಟಲೇ ಇಲ್ಲದ ಅಪಾಯಗಳನ್ನು ಯಾವ ಅಂಕಿ ಅಂಶದಲ್ಲೂ ಹುಡುಕಲಾಗದು.

ಅದೇ ತಿಂಗಳ ಕೊನೆಗೆ ರೋಮ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಯುರೋಪಿನ ಕಪ್ಪಿನ ಫೈನಲ್. ಬದಿಯ ಬ್ಯಾಕ್‌ಗಳಾದ ಆಲ್ವೆಸ್ ಮತ್ತು ಅಬಿದಾಲ್ ಇಬ್ಬರೂ ಅಮಾನತಿನಲ್ಲಿದ್ದರು. ನಾಯಕ ಮಧ್ಯದ ಜಾಗ ಬಿಟ್ಟು ತನ್ನ ಹಳೆಯ ಬಲಬದಿಗೆ ಹೋಗಿ ಆಡಿದ. 2–0. ಮತ್ತೊಂದು ಕಪ್.

2011ರ ಮೇ 28, ಲಂಡನ್ನಿನ ವೆಂಬ್ಲಿ. ಮತ್ತೆ ಫೈನಲ್, ಮತ್ತೆ ಮ್ಯಾಂಚೆಸ್ಟರ್ ಯುನೈಟೆಡ್. ಈ ಸಲ ಪುಯೋಲ್ ಪೂರ್ತಿ ಫಿಟ್ ಇಲ್ಲ, ಬೆಂಚಿನಲ್ಲಿದ್ದಾನೆ. ಎಡಬದಿಯಲ್ಲಿ ಆಡುತ್ತಿರುವ ಅಬಿದಾಲ್‌ನನ್ನು ನೋಡಿ: ಯಕೃತ್ತಿನ ಗಡ್ಡೆಗೆ ಶಸ್ತ್ರಚಿಕಿತ್ಸೆಯಾಗಿ 72 ದಿನವಾಗಿದೆ ಅಷ್ಟೆ, ತೊಂಬತ್ತು ನಿಮಿಷವೂ ಓಡುತ್ತಾನೆ. ಪೆಡ್ರೊ, ಮೆಸ್ಸಿ, ವಿಯಾ ಗೋಲು ಹೊಡೆದು 3–1 ಆಗಿದೆ. 88ನೇ ನಿಮಿಷಕ್ಕೆ ಪುಯೋಲ್ ಒಳಗೆ ಬರುತ್ತಾನೆ.

ಸೀಟಿಯಾಯಿತು. ವೆಂಬ್ಲಿಯಲ್ಲಿ ಕಪ್ ಪಡೆಯಲು ಗ್ಯಾಲರಿಯ ನಡುವಿನ 107 ಮೆಟ್ಟಿಲು ಹತ್ತಬೇಕು. ಆಟಗಾರರು ಸಾಲಾಗಿ ಹತ್ತುತ್ತಾರೆ. ಮೇಲೆ ಏಳೂವರೆ ಕಿಲೋ ತೂಕದ, ದೊಡ್ಡ ಕಿವಿಗಳ ಕಪ್ ಕಾಯುತ್ತಿದೆ. ಅದನ್ನು ಮೊದಲು ಎತ್ತುವ ಹಕ್ಕು ನಾಯಕನದು. ಆ ಒಂದು ಫೋಟೊ ಶಾಶ್ವತ. ಪುಯೋಲ್ ತೋಳಪಟ್ಟಿಯನ್ನು ಅಬಿದಾಲ್‌ನ ತೋಳಿಗೆ ಏರಿಸುತ್ತಾನೆ. ಕಪ್ ಎತ್ತುವವನು ಅಬಿದಾಲ್. ಪುಯೋಲ್ ಪಕ್ಕದಲ್ಲಿ ನಿಂತು ಚಪ್ಪಾಳೆ ಹೊಡೆಯುವ ಗುಂಪಿನಲ್ಲಿ ಒಬ್ಬ. ವಯೇಕಾಸ್‌ನಲ್ಲಿ ಕುಣಿತ ನಿಲ್ಲಿಸಿದವನೂ ಇಲ್ಲಿ ಕಪ್ ಬಿಟ್ಟುಕೊಟ್ಟವನೂ ಒಬ್ಬನೇ ಎನ್ನುವುದು ನನಗೆ ಆಶ್ಚರ್ಯ ತರುವುದಿಲ್ಲ. ಎರಡು ಕಡೆಯೂ ಅವನು ನೋಡುತ್ತಿದ್ದದ್ದು ಎದುರಿಗಿರುವವರ ಮುಖವನ್ನು.

ಆಮೇಲಿನ ಕಥೆ ಹೆಚ್ಚಾಗಿ ಗಾಯಗಳದ್ದು. 2012ರ ಅಕ್ಟೋಬರ್ 2ರಂದು ಲಿಸ್ಬನ್‌ನಲ್ಲಿ ಬೆನ್ಫಿಕಾ ವಿರುದ್ಧ ಕಾರ್ನರ್‌ಗೆ ನೆಗೆದವನು ತೋಳಿನ ಮೇಲೆ ಬಿದ್ದ. ಮೊಣಕೈ ಕೀಲು ತಪ್ಪಿತು. ಆ ದೃಶ್ಯವನ್ನು ಎರಡನೇ ಸಲ ನೋಡಲು ಗಟ್ಟಿ ಮನಸ್ಸು ಬೇಕು. ಅದು ವಾಸಿಯಾಗುವಷ್ಟರಲ್ಲಿ ಮೊಣಕಾಲು. 2013ರ ಮೇ ತಿಂಗಳಲ್ಲಿ ಕ್ಯಾಂಪ್ ನೌನಲ್ಲಿ ಲೀಗ್ ಟ್ರೋಫಿ ಕೈಗೆ ಬಂದಾಗ ಅದನ್ನೂ ತಾನೇ ಎತ್ತಲಿಲ್ಲ. ಯಕೃತ್ತು ಕಸಿಯಾಗಿ ಮತ್ತೆ ಆಟಕ್ಕೆ ಮರಳಿದ್ದ ಅಬಿದಾಲ್‌ನನ್ನೂ ಕ್ಯಾನ್ಸರ್‌ನೊಡನೆ ಹೋರಾಡುತ್ತಿದ್ದ ಕೋಚ್ ಟಿಟೊ ವಿಲನೋವಾನನ್ನೂ ಮುಂದೆ ಕರೆದು ಅವರ ಕೈಗಿಟ್ಟ.

2014ರ ಮಾರ್ಚ್ 2, ಕ್ಯಾಂಪ್ ನೌ, ಎದುರಿಗೆ ಅಲ್ಮೆರಿಯಾ. ಇದು ಅವನ ಕೊನೆಯ ಪಂದ್ಯವೆಂದು ಗ್ಯಾಲರಿಯಲ್ಲಿರುವ ಯಾರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. 2–1ರ ಮುನ್ನಡೆ, ಕೊನೆಯ ಹತ್ತು ನಿಮಿಷ. ಇಂಥ ಹೊತ್ತಿನಲ್ಲಿ ಒಂದು ತಪ್ಪು ಸಾಕು. ಆಗ ಮುಂದೆ ಹೋದ ಪುಯೋಲ್ ಮೂರನೆಯ ಗೋಲು ಹೊಡೆಯುತ್ತಾನೆ. ಅದರ ಬೆನ್ನಿಗೇ ನಾಲ್ಕನೆಯದನ್ನು ಹೊಡೆಯುವವನು ಕ್ಸಾವಿ, ಯಾರ ಆಟ ಕಂಡು ಪುಯೋಲ್ ಅಂದು ಮಲಗಾಗೆ ಹೋಗಲಿಲ್ಲವೋ ಅವನೇ. ಎರಡು ದಿನ ಕಳೆದು ಪುಯೋಲ್ ಪತ್ರಕರ್ತರ ಮುಂದೆ ಕೂತ. ಒಪ್ಪಂದ 2016ರವರೆಗೆ ಇತ್ತು. ಎರಡು ಶಸ್ತ್ರಚಿಕಿತ್ಸೆಗಳ ಮೇಲೆ ಈ ಕ್ಲಬ್‌ಗೆ ಬೇಕಾದ ಮಟ್ಟದಲ್ಲಿ ಆಡುವುದು ಕಷ್ಟವಾಗುತ್ತಿದೆ, ಋತು ಮುಗಿದ ಮೇಲೆ ಹೋಗುತ್ತೇನೆ ಎಂದ. ಹದಿನೈದು ಋತುಗಳಲ್ಲಿ 593 ಪಂದ್ಯ, ಆರು ಲೀಗ್, ಯುರೋಪಿನ ಮೂರು ಕಪ್. ಬೇರೆ ಯಾವ ಕ್ಲಬ್‌ಗೂ ಒಂದೇ ಒಂದು ಪಂದ್ಯ ಆಡಲಿಲ್ಲ. ಒಪ್ಪಂದದಲ್ಲಿ ಉಳಿದಿದ್ದ ಎರಡು ವರ್ಷಗಳನ್ನು ಬಿಟ್ಟುಕೊಟ್ಟು ಹೋದ.